ಪಾಯಿಂಟ್ ಗಾರ್ಡ್ ಅಂದ್ಮೇಲೆ ಅವನೇ ಸ್ಕೋರ್ ಮಾಡ್ಬೇಕಾ? ಕಿಡ್, ನ್ಯಾಶ್, ರೊಂಡೊ, ಮಾರ್ಕ್ ಜಾಕ್ಸನ್ ಜಗಳ

ಮುಂಜಾವಿನ ಪಂದ್ಯ
ಗೆಳೆಯನ ಜೊತೆ ನಿನ್ನೆ ರಾತ್ರಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿಗೆ ತಂದಿದೀನಿ. ಅವನ ಪ್ರಕಾರ ಇವತ್ತಿನ ಎನ್‌ಬಿಎನಲ್ಲಿ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ಒಂದು ತಂಡದ ಆಫೆನ್ಸ್, ಅಂದ್ರೆ ಪಾಯಿಂಟ್ ಗಳಿಸೋ ಆಟ, ಮೊದಲ ಸಾಲಿಗೆ ಬರ್ಬೇಕಂದ್ರೆ ಚೆಂಡು ತಂದು ಆಟ ನಡೆಸೋ ಪಾಯಿಂಟ್ ಗಾರ್ಡ್ ಪಂದ್ಯಕ್ಕೆ 25-30 ಪಾಯಿಂಟ್ ಹೊಡೆಯೋನೇ ಆಗಿರ್ಬೇಕು. ಸ್ಟೀಫನ್ ಕರಿ, ಡಾನ್ಚಿಚ್, ಶೇ ಗಿಲ್ಜಸ್-ಅಲೆಕ್ಸಾಂಡರ್ ಅಂತ ಹೆಸರು ಸುರೀತಾನೆ. ಗಿಲ್ಜಸ್-ಅಲೆಕ್ಸಾಂಡರ್ 2024-25ರಲ್ಲಿ ಪಂದ್ಯಕ್ಕೆ 32.7 ಹೊಡೆದು ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆದ, ತಂಡ 68 ಪಂದ್ಯ ಗೆದ್ದು ಚಾಂಪಿಯನ್ ಆಯ್ತು, ಇನ್ನೇನು ಬೇಕು ಅಂತಾನೆ.

ನಾನು ಒಪ್ಪಲ್ಲ. 2001ರ ಬೇಸಿಗೆ ನೆನಪು ಮಾಡ್ಕೊಳ್ಳಿ. ನ್ಯೂಜೆರ್ಸಿ ನೆಟ್ಸ್ ಮತ್ತು ಫೀನಿಕ್ಸ್ ಸನ್ಸ್ ಪಾಯಿಂಟ್ ಗಾರ್ಡ್‌ಗಳನ್ನ ಅದಲು ಬದಲು ಮಾಡ್ಕೊಂಡ್ರು. ನೆಟ್ಸ್ ಕೊಟ್ಟಿದ್ದು ಸ್ಟೆಫಾನ್ ಮಾರ್ಬರಿನ, ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ 23.9 ಪಾಯಿಂಟ್ ಹೊಡೆದವನು. ತಗೊಂಡಿದ್ದು ಜೇಸನ್ ಕಿಡ್‌ನ, ಇಡೀ ವೃತ್ತಿಜೀವನದ ಶೂಟಿಂಗ್ ಬರೀ ಶೇ 40 ಇರೋನು. ನೆಟ್ಸ್ 26 ಗೆಲುವಿನಿಂದ 52ಕ್ಕೆ ಹಾರಿ ಫೈನಲ್ಸ್ ಆಡಿತು. ಸನ್ಸ್ 51ರಿಂದ 36ಕ್ಕೆ ಬಿತ್ತು. ಸ್ಕೋರರ್ ಹೋದ, ಪಾಸರ್ ಬಂದ, ತಂಡ ಎದ್ದು ನಿಂತ್ಕೊಂಡ್ತು. ನೀವೇನಂತೀರಿ?

ಹುಬ್ಳಿ ಹುಡುಗ
ಅಣ್ಣಾ, ಈ ಉದಾಹರಣೆ ಕೇಳಾಕ ಭಾಳ ಛಲೋ ಐತಿ. ಆದ್ರ ಪ್ರಶ್ನೆ ಇರೋದು ಆಫೆನ್ಸ್ ಬಗ್ಗೆ, ಗೆಲುವಿನ ಬಗ್ಗೆ ಅಲ್ಲ. ಎರಡೂ ಬ್ಯಾರೆ.

ಅಂಕಿಅಂಶ ಪ್ರಿಯೆ
ಹುಬ್ಳಿಯವರು ಸರಿಯಾದ ಜಾಗಕ್ಕೆ ಕೈ ಹಾಕಿದ್ರು. 2001-02ರ ನೆಟ್ಸ್ ಡಿಫೆನ್ಸ್‌ನಲ್ಲಿ ಲೀಗ್‌ಗೇ ಮೊದಲು. ಆಫೆನ್ಸ್? ಪಟ್ಟಿಯ ನಡುಮಧ್ಯೆ. ಕಿಡ್ ರೀಬೌಂಡ್ ಹಿಡಿದು ತಾನೇ ಚೆಂಡು ಓಡಿಸ್ತಿದ್ದ, ಕೆನ್ಯನ್ ಮಾರ್ಟಿನ್, ರಿಚರ್ಡ್ ಜೆಫರ್ಸನ್ ಎರಡೂ ಕಡೆಯಿಂದ ಹಾರ್ತಿದ್ರು, ನೋಡೋಕೆ ಕಣ್ಣಿಗೆ ಹಬ್ಬ. ಆದ್ರೆ ಓಟ ನಿಂತು ಐದೈದು ಜನ ಎದುರುಬದುರು ನಿಂತಾಗ ಆ ತಂಡಕ್ಕೆ ಬಾಸ್ಕೆಟ್ ಹಾಕೋದು ಕಷ್ಟ ಆಗ್ತಿತ್ತು. ಜೊತೆಗೆ ಹಿಂದಿನ ಸೀಸನ್ ಪೂರ್ತಿ ಮೊಣಕಾಲಿನ ಗಾಯದಿಂದ ಕೂತಿದ್ದ ಕೆರಿ ಕಿಟಲ್ಸ್ ವಾಪಸ್ ಬಂದಿದ್ದ. 26 ಗೆಲುವಿನ ಏರಿಕೇನ ಪೂರ್ತಿ ಒಬ್ಬನ ಪಾಸ್ ಮೇಲೆ ಹಾಕೋಕಾಗಲ್ಲ.

ಕಿಡ್ ದೊಡ್ಡ ಆಟಗಾರ ಅನ್ನೋದ್ರಲ್ಲಿ ಎರಡು ಮಾತಿಲ್ಲ, ಆ ವರ್ಷ ಎಂವಿಪಿ ಮತದಲ್ಲಿ ಡಂಕನ್ ಹಿಂದೆ ಎರಡನೇ ಜಾಗ. ಆದ್ರೆ "ಶೂಟ್ ಮಾಡದೇ ಮಹಾನ್ ಆಫೆನ್ಸ್ ನಡೆಸಿದ" ಅನ್ನೋದಕ್ಕೆ ಆ ನೆಟ್ಸ್ ಸಾಕ್ಷಿ ಆಗಲ್ಲ.

ಹಸಿರು ಜೆರ್ಸಿ
ಕಿಡ್‌ಗೆ ಜಂಪ್ ಶಾಟ್ ಇಲ್ಲ ಅಂತ ಜನ ಅವನ ಹೆಸರಿನ ಮೊದಲಕ್ಷರ ಜೆ ಕಿತ್ತು "ಏಸನ್ ಕಿಡ್" ಅಂತ ಕರೀತಿದ್ರು, ನೆನಪಿದ್ಯಾ? ಅದೇ ಮನುಷ್ಯ 2011ರಲ್ಲಿ ಡಾಲಸ್ ಜೊತೆ ಕಪ್ ಎತ್ತೋ ಹೊತ್ತಿಗೆ ಮೂಲೆಯಲ್ಲಿ ನಿಂತು ಮೂರು ಪಾಯಿಂಟ್ ಹೊಡೀತಿದ್ದ. ವೃತ್ತಿ ಮುಗಿಸಿದಾಗ 1,988 ಮೂರು ಪಾಯಿಂಟ್ ಹಾಕಿದ್ದ! ಕಲಿತ ಅಂದ್ರೆ ಹಾಗೆ ಕಲಿತ. 38ರ ವಯಸ್ಸಿನಲ್ಲಿ ಫೈನಲ್ಸ್ ಗೆಲ್ಲೋದು ಸುಮ್ನೆ ಅಲ್ಲ.

ಮುಂಜಾವಿನ ಪಂದ್ಯ
ಸರಿ, ನೆಟ್ಸ್ ವಿಷಯ ಒಪ್ಪಿದೆ. ಹಾಗಾದ್ರೆ ಮಾರ್ಕ್ ಜಾಕ್ಸನ್? 1999-2000ರ ಇಂಡಿಯಾನಾ ಪೇಸರ್ಸ್. ಆಫೆನ್ಸ್‌ನಲ್ಲಿ ಲೀಗ್‌ಗೇ ನಂಬರ್ ಒನ್, 56 ಗೆಲುವು, ಫೈನಲ್ಸ್‌ನಲ್ಲಿ ಶಾಕ್ ಮತ್ತು ಕೋಬಿ ಎದುರು ಆರು ಪಂದ್ಯದ ತನಕ ಹೋರಾಟ. ಪಾಯಿಂಟ್ ಗಾರ್ಡ್ ಗಳಿಸಿದ್ದು ಪಂದ್ಯಕ್ಕೆ 8.1 ಪಾಯಿಂಟ್, 8.0 ಅಸಿಸ್ಟ್ (ಜೊತೆಯವನ ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್). ಎಂಟೇ ಎಂಟು ಪಾಯಿಂಟ್! ಇದಕ್ಕೇನು ಉತ್ತರ?

ಮಲೆನಾಡ ಪಾಸರ್
ಇದಕ್ಕೇ ಕಾಯ್ತಿದ್ದೆ ಮಾರಾಯ. ಮಾರ್ಕ್ ಜಾಕ್ಸನ್ ನನ್ನ ಅಚ್ಚುಮೆಚ್ಚು. ಓಟ ಇಲ್ಲ, ಜಿಗಿತ ಇಲ್ಲ, ಎದುರಾಳಿಗೆ ಬೆನ್ನು ಕೊಟ್ಟು ಒಂದೊಂದೇ ಹೆಜ್ಜೆ ಹಿಂದಕ್ಕೆ ತಳ್ತಾ ಹೋಗೋದು. ಅಷ್ಟು ಹೊತ್ತಲ್ಲಿ ರೆಜಿ ಮಿಲ್ಲರ್ ಎರಡು ಸ್ಕ್ರೀನ್ (ಕಾಯೋನಿಗೆ ಅಡ್ಡ ನಿಲ್ಲೋ ಜೊತೆಗಾರ) ಸುತ್ತಿ ಬಂದಿರ್ತಿದ್ದ, ಪಾಸ್ ಸರಿಯಾಗಿ ಅವನ ಎದೆ ಮಟ್ಟಕ್ಕೆ. ಹೀಗೆ ಬೆನ್ನು ಕೊಟ್ಟು ನಿಲ್ಲೋದು ಎಷ್ಟು ಅತಿಯಾಯ್ತು ಅಂದ್ರೆ 1999-2000ರಿಂದ ಲೀಗ್ ಐದು ಸೆಕೆಂಡಿನ ಮಿತಿ ಹಾಕಿತು. ಫ್ರೀ ಥ್ರೋ ಗೆರೆಯಿಂದ ಒಳಗೆ ಬೆನ್ನು ಕೊಟ್ಟು ಐದು ಸೆಕೆಂಡಿಗಿಂತ ಹೆಚ್ಚು ಡ್ರಿಬಲ್ ಮಾಡೋ ಹಾಗಿಲ್ಲ. ಜನ ಅದನ್ನ ಮಾರ್ಕ್ ಜಾಕ್ಸನ್ ನಿಯಮ ಅಂತಲೇ ಕರೆದ್ರು. ನಿಯಮ ಬಂದ ಆ ವರ್ಷವೇ ಅವನ ತಂಡ ಫೈನಲ್ಸ್‌ಗೆ ಹೋಯ್ತು ನೋಡಿ!

ಅಂಕಿಅಂಶ ಪ್ರಿಯೆ
ಒಂದು ತಿದ್ದುಪಡಿ. ಜಾಕ್ಸನ್ ಕಡಿಮೆ ಶೂಟ್ ಮಾಡ್ತಿದ್ದ, ಕೆಟ್ಟದಾಗಿ ಅಲ್ಲ. ಆ ಸೀಸನ್‌ನಲ್ಲಿ ಅವನ ಮೂರು ಪಾಯಿಂಟ್ ಶೇ 40ರ ಆಸುಪಾಸು. ಅವನನ್ನ ಖಾಲಿ ಬಿಟ್ಟು ಹೋದ್ರೆ ಹೊಡೀತಿದ್ದ. ಸುತ್ತ ಯಾರಿದ್ರು ಅನ್ನೋದೂ ನೋಡ್ಬೇಕು. ಮಿಲ್ಲರ್, ಜೇಲನ್ ರೋಸ್, ಏಳಡಿ ನಾಲ್ಕಿಂಚಿನ ರಿಕ್ ಸ್ಮಿಟ್ಸ್ ದೂರದಿಂದಲೂ ಜಂಪ್ ಶಾಟ್ ಹಾಕೋನು, ಬೆಂಚಲ್ಲಿ ಕ್ರಿಸ್ ಮಲಿನ್. ಕೋಚ್ ಲ್ಯಾರಿ ಬರ್ಡ್. ಇಷ್ಟು ಶೂಟರ್‌ಗಳ ನಡುವೆ ಪಾಯಿಂಟ್ ಗಾರ್ಡ್ 8 ಪಾಯಿಂಟ್ ಹೊಡೆದ್ರೂ ನಡೆಯುತ್ತೆ.

ಮೂರನೇ ಕ್ವಾರ್ಟರ್
ಜಾಕ್ಸನ್ ಕಾಲದ ಇನ್ನೊಂದು ಸಂಗತಿ ಯಾರೂ ಹೇಳ್ತಿಲ್ಲ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ. 2001-02ರ ತನಕ ಎನ್‌ಬಿಎನಲ್ಲಿ ಝೋನ್ ಡಿಫೆನ್ಸ್‌ಗೆ (ಆಟಗಾರನ ಬದಲು ಜಾಗ ಕಾಯೋದು) ಅವಕಾಶ ಇರ್ಲಿಲ್ಲ. ಚೆಂಡಿಲ್ಲದ ಆಟಗಾರನನ್ನ ಕಾಯೋನು ಅವನನ್ನ ಬಿಟ್ಟು ಬಾಸ್ಕೆಟ್ ಕೆಳಗೆ ಸುಮ್ನೆ ನಿಂತ್ರೆ ರೆಫರಿ ಸೀಟಿ ಊದ್ತಿದ್ದ. ಒಂದೋ ಚೆಂಡಿದ್ದವನ ಮೇಲೆ ಇಬ್ಬರಾಗಿ ಬೀಳ್ಬೇಕು, ಇಲ್ಲಾ ತನ್ನವನ ಹತ್ರ ಇರ್ಬೇಕು. ಅಂದ್ರೆ ಶೂಟ್ ಬಾರದ ಗಾರ್ಡ್‌ನೂ ನಿಯಮವೇ ಕಾಪಾಡ್ತಿತ್ತು, ಅವನ ಕಾವಲುಗಾರ ತೀರಾ ದೂರ ಹೋಗೋ ಹಾಗಿರ್ಲಿಲ್ಲ. ಆ ನಿಯಮ ಎತ್ತಿ, ಬದಲಿಗೆ ಡಿಫೆನ್ಸಿವ್ ಮೂರು ಸೆಕೆಂಡ್ (ಯಾರನ್ನೂ ಕಾಯದೆ ಬಾಸ್ಕೆಟ್ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲೋ ಹಾಗಿಲ್ಲ) ತಂದ ಮೇಲೆ ಚಿತ್ರ ಬದಲಾಯ್ತು. ಶೂಟ್ ಬಾರದವನ ಕಾವಲುಗಾರ ಈಗ ದಾರಿ ಮಧ್ಯೆ ಬಂದು ನಿಂತು ಬೇರೆಯವರ ಜಾಗ ತಿನ್ನಬಹುದು.

ಹಾಗಾಗಿ 2000ರ ಜಾಕ್ಸನ್‌ನ ತೋರಿಸಿ ಇವತ್ತಿನ ವಾದ ಗೆಲ್ಲೋಕಾಗಲ್ಲ. ಆಟದ ಹೆಸರು ಒಂದೇ, ಆಟ ಬೇರೆ.

ಹಸಿರು ಜೆರ್ಸಿ
ಇದು ಓದಿ ಎದೆ ಚುರುಕ್ ಅಂತು, ಯಾಕಂದ್ರೆ ನಾನು ಬಾಸ್ಟನ್ ಸೆಲ್ಟಿಕ್ಸ್ ಪಾಯಿಂಟ್ ಗಾರ್ಡ್ ರೊಂಡೊ ಭಕ್ತ. 2008 ಮತ್ತು 2010ರ ಫೈನಲ್ಸ್‌ನಲ್ಲಿ ಲೇಕರ್ಸ್ ಕೋಬಿನ ರೊಂಡೊ ಮೇಲೆ ಹಾಕಿದ್ರು. ಕೋಬಿ ಅವನ ಹತ್ರವೂ ಬರ್ತಿರ್ಲಿಲ್ಲ. ಹತ್ತಡಿ ಹಿಂದೆ ನಿಂತು ಪಿಯರ್ಸ್, ಗಾರ್ನೆಟ್ ಕಡೆ ಕಣ್ಣಿಟ್ಟಿರ್ತಿದ್ದ. 2008ರಲ್ಲಿ ನಾವು ಗೆದ್ವಿ, ಕೊನೇ ಪಂದ್ಯ 131-92. 2010ರ ಏಳನೇ ಪಂದ್ಯದಲ್ಲಿ ನಮ್ಮ ತಂಡ ಗಳಿಸಿದ್ದು 79 ಪಾಯಿಂಟ್. ಎಪ್ಪತ್ತೊಂಬತ್ತು! ಆ ಬೆಳಗ್ಗೆ ನಾನು ಕಾಲೇಜಿಗೇ ಹೋಗ್ಲಿಲ್ಲ.

ಆದ್ರೂ ಹೇಳ್ತೀನಿ, 2010ರಲ್ಲಿ ಕ್ಲೀವ್‌ಲ್ಯಾಂಡ್ ಮೇಲೆ 29 ಪಾಯಿಂಟ್, 18 ರೀಬೌಂಡ್, 13 ಅಸಿಸ್ಟ್. 2012ರಲ್ಲಿ ಮಯಾಮಿ ಮೇಲೆ 44 ಪಾಯಿಂಟ್. ಅವನಿಗೆ ಬರಲ್ಲ ಅನ್ನೋದು ತಪ್ಪು. ಪ್ರತಿದಿನ ಬರ್ತಿರ್ಲಿಲ್ಲ, ಅಷ್ಟೇ.

ಅಂಕಿಅಂಶ ಪ್ರಿಯೆ
ರೊಂಡೊ 2011-12ರಲ್ಲಿ ಪಂದ್ಯಕ್ಕೆ 11.7 ಅಸಿಸ್ಟ್ ಕೊಟ್ಟು ಲೀಗ್‌ಗೇ ಮೊದಲು. ಅದೇ ವರ್ಷ ಸೆಲ್ಟಿಕ್ಸ್ ಆಫೆನ್ಸ್ ಕೊನೆಯ ಮೂರನೇ ಒಂದು ಭಾಗದಲ್ಲಿ. ಅಸಿಸ್ಟ್ ಎಣಿಸಿ ಆಫೆನ್ಸ್ ಅಳೆಯೋರು ಈ ಎರಡು ಸಾಲು ಅಕ್ಕಪಕ್ಕ ಇಟ್ಟು ನೋಡ್ಲಿ.

ಹಸಿರು ಜೆರ್ಸಿ
ಆ ವರ್ಷ ಪಿಯರ್ಸ್, ಗಾರ್ನೆಟ್, ರೇ ಆಲನ್ ಎಲ್ಲರಿಗೂ ವಯಸ್ಸಾಗಿತ್ತು ಕಣ್ರೀ. ಅದನ್ನೂ ರೊಂಡೊ ತಲೆಗೆ ಕಟ್ಟಬೇಡಿ.

ಹುಬ್ಳಿ ಹುಡುಗ
ವಯಸ್ಸಾದವ್ರಿಗೇ ಖುಲ್ಲಾ ಜಾಗಾ ಜಾಸ್ತಿ ಬೇಕಲ್ರೀ. ಅದನ್ನ ಕೊಡಾಕ ಆಗಲಿಲ್ಲ ಅನ್ನೋದೇ ಮಾತು.

ಸಿಮೆಂಟ್ ಕೋರ್ಟ್
ನಾನು ದಾವಣಗೆರೆ ಕಡೆ ಒಂದು ಕಾಲೇಜು ತಂಡಕ್ಕೆ ಕೋಚಿಂಗ್ ಮಾಡ್ತೀನಿ. ಎನ್‌ಬಿಎ ಲೆಕ್ಕ ನಿಮ್ಮಷ್ಟು ಬಾಯಲ್ಲಿಲ್ಲ, ಆದ್ರೆ ಈ ಸಮಸ್ಯೆನ ವಾರಕ್ಕೆ ಐದು ದಿನ ಕಣ್ಣಾರೆ ನೋಡ್ತೀನಿ.

ನಮ್ಮಲ್ಲೊಬ್ಬ ಹುಡುಗ ಇದಾನೆ. ಪಾಸಿಂಗ್ ಅಂದ್ರೆ ದೇವರು ಕೊಟ್ಟ ಕೈ. ಯಾರು ಎಲ್ಲಿಗೆ ಓಡ್ತಾರೆ ಅನ್ನೋದು ಅವರಿಗಿಂತ ಮುಂಚೆ ಇವನಿಗೆ ಗೊತ್ತಿರುತ್ತೆ. ಮೊದಲ ವರ್ಷ ಸುತ್ತಮುತ್ತಲ ತಂಡಗಳು ಇವನನ್ನ ನೋಡಿ ದಂಗಾದ್ವು. ಎರಡನೇ ವರ್ಷ ಎಲ್ಲರಿಗೂ ಗುಟ್ಟು ಗೊತ್ತಾಯ್ತು, ಇವನು ಶೂಟ್ ಮಾಡಲ್ಲ. ಇಲ್ಲಿ ಅರ್ಧಕ್ಕರ್ಧ ತಂಡಗಳು ಆಡೋದೇ 2-3 ಝೋನ್, ಮುಂದೆ ಇಬ್ಬರು, ಹಿಂದೆ ಮೂವರು. ಮುಂದಿನ ಇಬ್ಬರೂ ಇವನನ್ನ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತ್ರು. ಪಾಸ್ ಹೋಗೋ ದಾರಿಯಲ್ಲೆಲ್ಲ ಕೈಗಳೇ ಕೈಗಳು. ಅದೇ ಹುಡುಗ, ಅದೇ ಕಣ್ಣು, ಆದ್ರೆ ಪಾಸ್ ಒಳಗೆ ಹೋಗ್ತಾನೇ ಇಲ್ಲ.

ಪಿಕ್ ಅಂಡ್ ರೋಲ್‌ನಲ್ಲೂ (ಸ್ಕ್ರೀನ್ ಕೊಟ್ಟವನು ಬಾಸ್ಕೆಟ್ ಕಡೆ ನುಗ್ಗೋ ಆಟ) ಅಷ್ಟೇ. ಸ್ಕ್ರೀನ್ ಬಂದಾಗ ಕಾಯೋನಿಗೆ ಎರಡು ದಾರಿ. ಸ್ಕ್ರೀನ್ ಮೇಲಿಂದ ಬೆನ್ನಟ್ಟೋದು ಇಲ್ಲಾ ಕೆಳಗಿಂದ ನುಗ್ಗಿ ಮತ್ತೆ ಎದುರಿಗೆ ಬಂದು ನಿಲ್ಲೋದು. ಶೂಟ್ ಬರೋನಾದ್ರೆ ಕೆಳಗಿಂದ ಬರೋಕೆ ಧೈರ್ಯ ಬರಲ್ಲ. ಮೇಲಿಂದ ಬೆನ್ನಟ್ಟಿದ ತಕ್ಷಣ ಅವನು ಒಂದು ಹೆಜ್ಜೆ ಹಿಂದೆ ಬಿದ್ದ, ಅಲ್ಲಿಂದ ಮುಂದೆ ನಾವು ಇಬ್ಬರು, ಅವರು ಒಬ್ಬ. ಆ ಒಬ್ಬ ರೋಲ್ ಮಾಡೋನ ಹತ್ರ ಹೋಗ್ಲಾ, ಚೆಂಡಿನ ಹತ್ರ ಬರ್ಲಾ ಅಂತ ಒದ್ದಾಡ್ತಾನೆ, ಮೂಲೆಯವನು ಸಹಾಯಕ್ಕೆ ಬರ್ತಾನೆ, ಮೂಲೆ ಖಾಲಿ. ಶೂಟ್ ಬಾರದವನಾದ್ರೆ ಕಾಯೋನು ಆರಾಮಾಗಿ ಕೆಳಗಿಂದ ಬಂದು ಮತ್ತೆ ಎದುರಿಗೆ ನಿಂತ್ಕೊಳ್ತಾನೆ. ಸ್ಕ್ರೀನ್ ದಂಡ, ಶಾಟ್‌ಗೆ ಇರೋ ಇಪ್ಪತ್ನಾಕು ಸೆಕೆಂಡಲ್ಲಿ ಐದೂ ದಂಡ.

ಅದಕ್ಕೇ ನನ್ನ ಅನಿಸಿಕೆ, ಪಾಯಿಂಟ್ ಗಾರ್ಡ್ ಎಷ್ಟು ಪಾಯಿಂಟ್ ಹೊಡೀತಾನೆ ಅನ್ನೋದು ಕೇಳೋ ಪ್ರಶ್ನೆನೇ ಅಲ್ಲ. ಅವನನ್ನ ಕಾಯೋನು ಸ್ಕ್ರೀನ್‌ನ ಯಾವ ಕಡೆಯಿಂದ ಹೋಗ್ತಾನೆ, ಅದನ್ನ ನೋಡಿ.

ಮುಂಜಾವಿನ ಪಂದ್ಯ
ಸರ್, ಈ ಒಂದು ಕಾಮೆಂಟಿಗೆ ನಮ್ಮ ಎರಡು ಗಂಟೆ ಜಗಳ ಪೂರ್ತಿ ಕೊಡಬಹುದು.

ಅರಿಜೋನಾ ಕನ್ನಡಿಗ
ತಡವಾಗಿ ಬಂದೆ, ಇಲ್ಲಿ ಈಗಷ್ಟೇ ಬೆಳಗಾಯ್ತು. ಸಿಮೆಂಟ್ ಕೋರ್ಟ್ ಅವರ ಮಾತಿಗೆ ಜೀವಂತ ಉದಾಹರಣೆ ಸ್ಟೀವ್ ನ್ಯಾಶ್. 2004ರಲ್ಲಿ ನಾನು ಕೆಲಸಕ್ಕೆ ಅಂತ ಫೀನಿಕ್ಸ್‌ಗೆ ಬಂದೆ, ಅದೇ ಬೇಸಿಗೆಯಲ್ಲಿ ಡಾಲಸ್‌ನಿಂದ ನ್ಯಾಶ್ ಬಂದ. ಹಿಂದಿನ ವರ್ಷ 29 ಗೆದ್ದಿದ್ದ ತಂಡ 62 ಗೆದ್ದಿತು. 100 ಪೊಸೆಷನ್‌ಗೆ (ಚೆಂಡು ಕೈಗೆ ಬಂದ ಸರದಿ) 114.5 ಪಾಯಿಂಟ್, ಲೀಗ್‌ಗೇ ಮೊದಲು. ಎಂವಿಪಿ ಆದ ನ್ಯಾಶ್ ಎಷ್ಟು ಹೊಡೀತಿದ್ದ? 15.5. ಅಸಿಸ್ಟ್ 11.5. ಪಂದ್ಯಕ್ಕೆ ಹನ್ನೊಂದು ಚಿಲ್ಲರೆ ಶಾಟ್ ಅಷ್ಟೇ.

ಆದ್ರೆ ಯಾವ ಶಾಟ್! ಫೀಲ್ಡ್ ಗೋಲ್ ಶೇ 50, ಮೂರು ಪಾಯಿಂಟ್ ಶೇ 40, ಫ್ರೀ ಥ್ರೋ ಶೇ 90, ಈ ಮೂರನ್ನೂ ಒಂದೇ ಸೀಸನ್‌ನಲ್ಲಿ ದಾಟೋ ಸಾಧನೆ ನಾಲ್ಕು ಸಲ ಮಾಡಿದಾನೆ. ಅವನ ಸ್ಕ್ರೀನ್ ಕೆಳಗಿಂದ ಹೋಗೋಕೆ ಯಾರಿಗೂ ಆಗ್ತಿರ್ಲಿಲ್ಲ. ಮೇಲಿಂದ ಹೋದ್ರೆ ಅಮಾರೆ ಸ್ಟೌಡಮೈರ್ ಬಾಸ್ಕೆಟ್ ಕಡೆ ನುಗ್ಗಿರ್ತಿದ್ದ.

2005ರ ಡಾಲಸ್ ಸರಣಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡನೇ ಪಂದ್ಯದಲ್ಲಿ ಜೋ ಜಾನ್ಸನ್ ಬಿದ್ದು ಕಣ್ಣಿನ ಹತ್ರ ಮೂಳೆ ಮುರ್ಕೊಂಡ. ನಾಲ್ಕನೇ ಪಂದ್ಯದಲ್ಲಿ ಡಾಲಸ್ ಒಂದು ನಿರ್ಧಾರ ಮಾಡ್ತು. ಬೇರೆ ಯಾರನ್ನೂ ಬಿಡೋದು ಬೇಡ, ನ್ಯಾಶ್ ಎಷ್ಟು ಬೇಕಾದ್ರೂ ಹೊಡ್ಕೊಳ್ಳಲಿ. ಹೊಡೆದ, 48 ಪಾಯಿಂಟ್. ಅಸಿಸ್ಟ್ ಬರೀ 5. ಸನ್ಸ್ 119-109ರಲ್ಲಿ ಸೋತ್ರು.

ಮುಂಜಾವಿನ ಪಂದ್ಯ
ನೋಡಿದ್ರಾ! ಅವನು 48 ಹೊಡೆದಾಗ ಸೋಲು. ಇದು ನನ್ನ ಕಡೆಯ ಸಾಕ್ಷಿ. ಪಾಯಿಂಟ್ ಗಾರ್ಡ್ ಸ್ಕೋರರ್ ಆದ್ರೆ ಉಳಿದವರು ಒಣಗ್ತಾರೆ.

ಅರಿಜೋನಾ ಕನ್ನಡಿಗ
ತಡೀರಿ, ಕಥೆ ಮುಗಿದಿಲ್ಲ. ಐದನೇ ಪಂದ್ಯಕ್ಕೆ ನಾನು ಸ್ಟೇಡಿಯಂನಲ್ಲೇ ಇದ್ದೆ. ಮೇಲಿನ ಸಾಲಿನ ಸೀಟು, ಕಿತ್ತಳೆ ಬಣ್ಣದ ಟೀ ಶರ್ಟು, ಪಕ್ಕದಲ್ಲಿ ಮಂಡ್ಯದ ಗೆಳೆಯ. ನ್ಯಾಶ್ 34 ಪಾಯಿಂಟ್, 13 ರೀಬೌಂಡ್, 12 ಅಸಿಸ್ಟ್, ಗೆಲುವು. ಆರನೇ ಪಂದ್ಯ ಡಾಲಸ್‌ನಲ್ಲಿ. ಕೊನೇ ಕ್ಷಣದಲ್ಲಿ ಮೂರು ಪಾಯಿಂಟ್ ಹೊಡೆದು ಓವರ್‌ಟೈಮ್‌ಗೆ ಎಳೆದ. 39 ಪಾಯಿಂಟ್, 12 ಅಸಿಸ್ಟ್, 130-126, ಸರಣಿ ಮುಗೀತು.

ಅಂದ್ರೆ "ನೀನೇ ಹೊಡ್ಕೋ" ಅಂತ ಅವರು ಬಾಗಿಲು ತೆರೆದಿಟ್ರು, ಇವನು ಮೂರು ಪಂದ್ಯದಲ್ಲಿ 121 ಹೊಡೆದ. ಆಮೇಲೆ ಅವರು ಇವನ ಮೇಲೆ ಬೀಳಲೇಬೇಕಾಯ್ತು, ಪಾಸ್ ಮತ್ತೆ ತೆರೆದುಕೊಳ್ತು. ಹೊಡೆಯೋ ತಾಕತ್ತು ಇಲ್ಲದವನಾಗಿದ್ರೆ ಆ ಸರಣಿ ನಾಲ್ಕನೇ ಪಂದ್ಯದ ಯೋಜನೆಯಲ್ಲೇ ಮುಗಿದುಹೋಗ್ತಿತ್ತು. ವರ್ಷವಿಡೀ 15 ಹೊಡೆಯೋನು ಬೇಕಾದ ದಿನ 39 ಹೊಡೆದ. ನಿಮ್ಮ ಗೆಳೆಯ ಹೇಳೋ 25ರ ಲೆಕ್ಕವೂ ತಪ್ಪು, ನಿಮ್ಮ "ಬರೀ ಪಾಸ್ ಸಾಕು" ಅನ್ನೋದೂ ತಪ್ಪು.

ಕರಾವಳಿ ಸೆಂಟರ್
ನ್ಯಾಶ್ ಅಭಿಮಾನಿಗಳು ಯಾವಾಗಲೂ ಮರೆಯೋ ಒಂದು ಮಾತು. ಅವನು ಬಿಟ್ಟು ಹೋದ ಡಾಲಸ್ 52 ಗೆಲುವಿನಿಂದ 58ಕ್ಕೆ ಹೋಯ್ತು, ಆಫೆನ್ಸೂ ಮೇಲಿನ ಸಾಲಲ್ಲೇ ಉಳೀತು. ಯಾಕೆ? ಡರ್ಕ್ ನೊವಿಟ್ಜ್‌ಕಿ. ಏಳಡಿ ಮನುಷ್ಯ ಒಂಟಿ ಕಾಲಲ್ಲಿ ಶೂಟ್ ಮಾಡಿದ್ರೆ ಪಾಯಿಂಟ್ ಗಾರ್ಡ್ ಯಾರಾದ್ರೇನು? ಆ ವರ್ಷ ಕೈ ಅಡ್ಡ ಇಟ್ಟು ತಡೆಯೋದರ ಮೇಲೆ ರೆಫರಿಗಳು ಬಿಗಿಯಾದ್ರು, ಅದರ ಲಾಭ ನ್ಯಾಶ್‌ಗೂ ಸಿಕ್ತು, ಉಳಿದ ಗಾರ್ಡ್‌ಗಳಿಗೂ ಸಿಕ್ತು.

ನನ್ನ ಕೇಳಿದ್ರೆ "ಪಾಯಿಂಟ್ ಗಾರ್ಡ್" ಅನ್ನೋ ಹುದ್ದೆಯೇ ಅಷ್ಟು ಮುಖ್ಯ ಅಲ್ಲ ಮಾರ್ರೆ. 1995-96ರ ಬುಲ್ಸ್ 72 ಗೆದ್ರು, ಆಫೆನ್ಸ್‌ನಲ್ಲಿ ಮೊದಲು. ಪಾಯಿಂಟ್ ಗಾರ್ಡ್ ಜಾಗದಲ್ಲಿ ರಾನ್ ಹಾರ್ಪರ್, ಪಂದ್ಯಕ್ಕೆ ಒಂದಂಕಿ ಪಾಯಿಂಟ್. ಅವರ ಟ್ರಯಾಂಗಲ್ ಅನ್ನೋ ಆಟದ ಪದ್ಧತಿಯಲ್ಲಿ ಚೆಂಡು ಪಿಪ್ಪನ್ ಕೈಲಿ, ಜೋರ್ಡನ್ ಕೈಲಿ. ಈಗ ಡೆನ್ವರ್ ನೋಡಿ, ಆಫೆನ್ಸ್ ನಡೆಸೋದು ಸೆಂಟರ್ ಯೋಕಿಚ್. ಸೆಂಟರ್ ಆಡಿದೋನಾಗಿ ಹೇಳ್ತೇನೆ, ನಮ್ಮ ಕಾಲ ಬಂತು.

ಮಲೆನಾಡ ಪಾಸರ್
ಯೋಕಿಚ್‌ನ ಪಾಸ್ ಕೂಡ ನಡೆಯೋದು ಅವನು ಹೊಡೆಯೋನು ಅನ್ನೋ ಕಾರಣಕ್ಕೇ ಅಲ್ವಾ? ಅಲ್ಲಿಗೆ ಮತ್ತೆ ಅದೇ ಮಾತಿಗೆ ಬಂದ್ವಿ.

ಕರಾವಳಿ ಸೆಂಟರ್
ಹೌದು. ಆದ್ರೆ ಚೆಂಡು ಹಿಡಿದವನಿಗೇ ಆ ಭಯ ಹುಟ್ಟಿಸೋ ಗುಣ ಇರ್ಬೇಕು ಅಂತಿಲ್ಲ. ಡ್ರೇಮಂಡ್ ಗ್ರೀನ್ ನೋಡಿ. 2015-16ರಲ್ಲಿ 73 ಗೆದ್ದ ವಾರಿಯರ್ಸ್‌ನಲ್ಲಿ ಪಂದ್ಯಕ್ಕೆ 7.4 ಅಸಿಸ್ಟ್, ತಂಡದಲ್ಲಿ ಎಲ್ಲರಿಗಿಂತ ಹೆಚ್ಚು. ಕರಿ ಮೇಲೆ ಇಬ್ಬರು ಬಿದ್ದ ತಕ್ಷಣ ಚೆಂಡು ಡ್ರೇಮಂಡ್‌ಗೆ, ಮುಂದೆ ಇವರು ನಾಲ್ಕು ಜನ, ತಡೆಯೋರು ಮೂರೇ ಜನ. ಭಯ ಹುಟ್ಟಿಸೋನು ಕರಿ, ಪಾಸ್ ಕೊಡೋನು ಡ್ರೇಮಂಡ್.

ಮೂರನೇ ಕ್ವಾರ್ಟರ್
ಇದು ಒಳ್ಳೇ ಮಾತು, ಆದ್ರೆ ಅದಕ್ಕೆ ಒಂದೇ ಸೀಸನ್‌ನಲ್ಲಿ 402 ಮೂರು ಪಾಯಿಂಟ್ ಹೊಡೆಯೋ ಕರಿ ಪಕ್ಕದಲ್ಲಿರ್ಬೇಕು. ಅಂಥವನು ಎಲ್ಲ ಊರಲ್ಲೂ ಸಿಗ್ತಾನಾ?

ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ಫಿಲಡೆಲ್ಫಿಯಾದ ಪಾಯಿಂಟ್ ಗಾರ್ಡ್ ಆಗಿದ್ದ ಬೆನ್ ಸಿಮನ್ಸ್. 2021ರ ಪ್ಲೇಆಫ್‌ನಲ್ಲಿ 73 ಫ್ರೀ ಥ್ರೋನಲ್ಲಿ 25 ಮಾತ್ರ ಹಾಕಿದ. ಅಟ್ಲಾಂಟಾ ಎದುರು ಏಳನೇ ಪಂದ್ಯದ ಕೊನೆಯಲ್ಲಿ ಬಾಸ್ಕೆಟ್ ಕೆಳಗೆ ಅವನ ಎದುರು ಇದ್ದವನು ಟ್ರೇ ಯಂಗ್, ಎಂಟು ಇಂಚು ಕುಳ್ಳ. ಡಂಕ್ ಮಾಡೋ ಬದಲು ಪಾಸ್ ಕೊಟ್ಟ. ಫೌಲ್ ಆದ್ರೆ ಫ್ರೀ ಥ್ರೋ ಹೊಡೀಬೇಕಲ್ಲ ಅನ್ನೋ ಭಯ ಅಂತಲೇ ನಾನು ನಂಬಿರೋದು. ಅವನ ಪಾಸಿಂಗ್‌ನ ನಾನು ತುಂಬ ಇಷ್ಟಪಟ್ಟಿದ್ದೆ. ಆ ಕ್ಷಣ ನೋಡಿ ನಿಜವಾಗ್ಲೂ ಬೇಜಾರಾಯ್ತು, ಕೋಪ ಬರ್ಲಿಲ್ಲ.

ಹಸಿರು ಜೆರ್ಸಿ
ಪಾಪ. ಅವನ ಬೆನ್ನಿನ ತೊಂದರೆ ಬಗ್ಗೆಯೂ ಮಾತಾಡ್ಬೇಕು. ಹುಡುಗನ್ನ ಜನ ಸಿಕ್ಕಾಪಟ್ಟೆ ಹೀಯಾಳಿಸಿದ್ರು.

ಹುಬ್ಳಿ ಹುಡುಗ
ಲೇಕರ್ಸ್‌ನ ಮ್ಯಾಜಿಕ್ ಜಾನ್ಸನ್ ಹೆಸರು ಯಾರೂ ಎತ್ತಲಿಲ್ಲಲ್ಲ! ಅಂವಗೂ ಶುರುವಿಗೆ ದೂರದ ಶಾಟ್ ಇರಲಿಲ್ಲ.

ಅಂಕಿಅಂಶ ಪ್ರಿಯೆ
ದೂರದ ಶಾಟ್ ಇರ್ಲಿಲ್ಲ, ಸ್ಕೋರ್ ಮಾಡೋದು ಇತ್ತು. ಇವೆರಡನ್ನ ಒಂದೇ ಮಾಡಬೇಡಿ. 1980ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ತಂಡದ ಸೆಂಟರ್ ಕರೀಮ್ ಗಾಯಗೊಂಡಿದ್ದಾಗ ಇಪ್ಪತ್ತರ ಹುಡುಗ 42 ಪಾಯಿಂಟ್ ಹೊಡೆದ. ಆರಡಿ ಒಂಬತ್ತಿಂಚು ಎತ್ತರ, ಬೆನ್ನು ಕೊಟ್ಟು ಒಳಗೆ ನುಗ್ಗಿದ್ರೆ ಇಬ್ಬರು ಬರಲೇಬೇಕು. 1986-87ರಲ್ಲಿ ಕರೀಮ್‌ಗೆ ವಯಸ್ಸಾದಾಗ ಇವನು 23.9ಕ್ಕೆ ಏರಿದ, ಜೊತೆಗೆ 12.2 ಅಸಿಸ್ಟ್, ಎಂವಿಪಿ, ಕಪ್ಪೂ ಬಂತು. 1988-89ರಲ್ಲಿ ಶೇ 91.1 ಫ್ರೀ ಥ್ರೋ, ಲೀಗ್‌ಗೇ ಮೊದಲು. ಭಯ ಹುಟ್ಟಿಸೋಕೆ ಜಂಪ್ ಶಾಟೇ ಬೇಕು ಅಂತಿಲ್ಲ, ಏನಾದ್ರೂ ಒಂದು ಬೇಕು.

ಯೂಟಾದ ಪಾಯಿಂಟ್ ಗಾರ್ಡ್ ಸ್ಟಾಕ್ಟನ್ ಕೂಡ ಇದೇ ಸಾಲು. 15,806 ಅಸಿಸ್ಟ್, ಇವತ್ತಿಗೂ ಯಾರೂ ಮುಟ್ಟಿಲ್ಲ. ವೃತ್ತಿಜೀವನದ ಸರಾಸರಿ 13.1 ಪಾಯಿಂಟ್ ಅಷ್ಟೇ, ಆದ್ರೆ ಶೂಟಿಂಗ್ ಶೇ 51.5.

ಹಾಗೇ, ಇಷ್ಟು ಹೊತ್ತಾಯ್ತು, ಒಬ್ಬರಾದ್ರೂ ಮಹಿಳೆಯರ ಲೀಗ್ ಹೆಸರೆತ್ತಿದ್ರಾ? ಸ್ಯೂ ಬರ್ಡ್ ಸಿಯಾಟಲ್‌ಗೆ ನಾಲ್ಕು ಕಪ್ ಗೆದ್ದುಕೊಟ್ಟವಳು, 2004, 2010, 2018, 2020. ಸರಾಸರಿ 12 ಪಾಯಿಂಟ್ ಕೂಡ ಇಲ್ಲ, ಆದ್ರೆ ಖಾಲಿ ಬಿಟ್ರೆ ಮೂರು ಪಾಯಿಂಟ್ ಖಚಿತ. ಪಕ್ಕದಲ್ಲಿ ಮೊದಲು ಲಾರೆನ್ ಜಾಕ್ಸನ್, ಆಮೇಲೆ ಬ್ರಿಯಾನಾ ಸ್ಟೂವರ್ಟ್. ನೀವು ಹುಡುಕ್ತಿರೋ ಪಾಯಿಂಟ್ ಗಾರ್ಡ್ ಇಪ್ಪತ್ತು ವರ್ಷ ಅಲ್ಲೇ ಆಡ್ತಿದ್ಲು.

ಮಲೆನಾಡ ಪಾಸರ್
ಸ್ಯೂ ಬರ್ಡ್ ಹೆಸರು ಹೇಳಿದ್ದಕ್ಕೆ ಧನ್ಯವಾದ. ಮುಖಕ್ಕೆ ಮಾಸ್ಕ್ ಹಾಕ್ಕೊಂಡು 2018ರಲ್ಲಿ ಫೀನಿಕ್ಸ್ ಮೇಲೆ ಆಡಿದ ಆ ಐದನೇ ಪಂದ್ಯದ ಕೊನೇ ಕ್ವಾರ್ಟರ್ ಸಿಕ್ಕಿದ್ರೆ ನೋಡಿ ಎಲ್ಲರೂ.

ಅರಿಜೋನಾ ಕನ್ನಡಿಗ
ಫೀನಿಕ್ಸ್‌ನವನಾಗಿ ಅದನ್ನ ಮತ್ತೆ ನೋಡೋ ಶಕ್ತಿ ನನಗಿಲ್ಲ!

ಮೂರನೇ ಕ್ವಾರ್ಟರ್
ಇವತ್ತಿನ ಉದಾಹರಣೆಗೆ ಬರೋಣ. ಪೇಸರ್ಸ್ ಪಾಯಿಂಟ್ ಗಾರ್ಡ್ ಹ್ಯಾಲಿಬರ್ಟನ್. 2023-24ರಲ್ಲಿ 20.1 ಪಾಯಿಂಟ್, 10.9 ಅಸಿಸ್ಟ್. ಪೇಸರ್ಸ್ ಪಂದ್ಯಕ್ಕೆ 123.3 ಪಾಯಿಂಟ್ ಹೊಡೆದು ಲೀಗ್‌ನಲ್ಲಿ ಮೊದಲು. ಮುಂದಿನ ವರ್ಷ ಅವನ ಸರಾಸರಿ 18.6ಕ್ಕೆ ಇಳೀತು, ತಂಡ ಫೈನಲ್ಸ್‌ಗೇ ಹೋಯ್ತು. ಹೊಡೆದದ್ದು ಕಡಿಮೆ, ಹೊಡೆದ ಸಮಯ ನೋಡಿ. ಫೈನಲ್ಸ್ ಮೊದಲ ಪಂದ್ಯದಲ್ಲಿ 0.3 ಸೆಕೆಂಡ್ ಇದ್ದಾಗ ಒಕ್ಲಹೋಮಾದಲ್ಲಿ ಹೊಡೆದ ಶಾಟ್! ಆ ಬೆಳಗ್ಗೆ ಆಫೀಸ್ ಬಸ್ಸಲ್ಲಿ ಫೋನ್ ಹಿಡ್ಕೊಂಡು ಕೂಗಿಬಿಟ್ಟೆ, ಡ್ರೈವರ್ ತಿರುಗಿ ನೋಡಿದ.

ಹುಬ್ಳಿ ಹುಡುಗ
ಏಳನೇ ಪಂದ್ಯದಾಗ ಅಂವನ ಅಕಿಲಿಸ್ ಹರೀತಲ್ಲ, ನನಗ ಊಟಾ ಸೇರಲಿಲ್ಲ ಆ ದಿನ.

ಮುಂಜಾವಿನ ಪಂದ್ಯ
ಮುಂಬೈಗೆ 2019ರಲ್ಲಿ ಪೇಸರ್ಸ್ ಮತ್ತು ಕಿಂಗ್ಸ್ ಬಂದಾಗ ನಾನು ಹೋಗಿದ್ದೆ. ಮೊದಲ ಪಂದ್ಯ ಓವರ್‌ಟೈಮ್, 132-131. ಆಗ ಹ್ಯಾಲಿಬರ್ಟನ್ ಇನ್ನೂ ಕಾಲೇಜಲ್ಲಿದ್ದ. ಆಮೇಲೆ ಅವನು ಆ ಎರಡೂ ತಂಡಕ್ಕೂ ಆಡಿದ, ಒಂದು ತಂಡದಿಂದ ಇನ್ನೊಂದಕ್ಕೇ ಹೋದ ನೋಡಿ.

ಗೆಳೆಯನಿಗೆ ಈ ಚರ್ಚೆ ಕಳಿಸಿದೆ. 25ರ ಲೆಕ್ಕ ಬಿಟ್ಟಿದಾನೆ. ಈಗ "ಶೂಟ್ ಬರೋ ಪಾಸರ್‌ಗಿಂತ ಪಾಸ್ ಬರೋ ಶೂಟರ್ ಮೇಲು" ಅಂತ ಶುರು ಮಾಡಿದಾನೆ. 2009ರ ಡ್ರಾಫ್ಟ್ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನ ಆರಿಸೋದು) ತೋರಿಸ್ತಿದಾನೆ. ಮಿನೆಸೋಟಾ ಐದನೇ ಆಯ್ಕೆಯಲ್ಲಿ ರಿಕಿ ರೂಬಿಯೋ, ಆರನೇ ಆಯ್ಕೆಯಲ್ಲಿ ಜಾನಿ ಫ್ಲಿನ್, ಇಬ್ಬರೂ ಪಾಯಿಂಟ್ ಗಾರ್ಡ್‌ಗಳು. ಏಳನೇ ಆಯ್ಕೆಯಲ್ಲಿ ಗೋಲ್ಡನ್ ಸ್ಟೇಟ್‌ಗೆ ಕರಿ ಸಿಕ್ಕ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಕರಾವಳಿ ಸೆಂಟರ್
ಅದಕ್ಕೆ ಯಾರ ಹತ್ರವೂ ಉತ್ತರ ಇಲ್ಲ. ರೂಬಿಯೋ ಪಾಸ್ ನೋಡೋಕೆ ಬೆಳಗ್ಗೆ ಐದೂವರೆಗೆ ಎದ್ದವನು ನಾನು, ಅದರ ಬಗ್ಗೆ ಒಂಚೂರೂ ಪಶ್ಚಾತ್ತಾಪ ಇಲ್ಲ.

ಸಿಮೆಂಟ್ ಕೋರ್ಟ್
ಎಲ್ಲರಿಗೂ ಒಂದು ಪ್ರಶ್ನೆ, ಇದು ನನಗೆ ನಿಜವಾಗ್ಲೂ ಬೇಕು. ನಮ್ಮ ಹುಡುಗನಿಗೆ ಇನ್ನು ಎಂಟು ತಿಂಗಳಿದೆ. ಮೊದಲು ಯಾವ ಶಾಟ್ ಕಲಿಸ್ಲಿ? ಮೂರು ಪಾಯಿಂಟ್ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅವನ ಕೈಯಲ್ಲಿ ಅಷ್ಟು ಬಲ ಇನ್ನೂ ಬಂದಿಲ್ಲ.

ಅರಿಜೋನಾ ಕನ್ನಡಿಗ
ಫ್ರೀ ಥ್ರೋ ಗೆರೆಯ ಬಲ ಮೂಲೆ, ಡ್ರಿಬಲ್‌ನಿಂದ ನಿಂತು ಹೊಡೆಯೋದು. ಕ್ರಿಸ್ ಪಾಲ್ ಜೀವನ ಪೂರ್ತಿ ಅದೇ ಜಾಗದಿಂದ ಬದುಕಿದ. 2-3 ಝೋನ್‌ನ ಹೊಟ್ಟೆ ಇರೋದೂ ಅಲ್ಲೇ. ಅಲ್ಲಿಂದ ಎರಡು ಬಿದ್ರೆ ಹಿಂದಿನ ಸಾಲಿನ ಮಧ್ಯದವನು ಮೇಲೆ ಬರ್ಲೇಬೇಕು, ಅವನ ಬೆನ್ನ ಹಿಂದೆ ನಿಮ್ಮ ಸೆಂಟರ್ ಒಬ್ಬನೇ ಇರ್ತಾನೆ.

ಅಂಕಿಅಂಶ ಪ್ರಿಯೆ
ದಿನಕ್ಕೆ ನೂರು ಫ್ರೀ ಥ್ರೋ ಕೂಡ ಹಾಕಿಸಿ ಸರ್, ಸುಸ್ತಾದ ಮೇಲೆ. ಎಷ್ಟು ಬಿತ್ತು ಅಂತ ಅವನ ಕೈಲೇ ಬರೆಸಿ.

ಸಿಮೆಂಟ್ ಕೋರ್ಟ್
ನಾಳೆ ಬೆಳಗ್ಗೆ ಆರಕ್ಕೆ ಬರೋಕೆ ಹೇಳಿದೀನಿ. ಬಲ ಮೂಲೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಬಂದೆ ಈಗ ತಾನೆ.